ಎಡ ರೆಕ್ಕೆಯ ಗರಿ, ಹಸಿರು ಪಟ್ಟಿ

ಅನ್ಸೆಲ್ಮೊ ಪರಿಯೋನನ ಮನೆಯ ಸುತ್ತಮುತ್ತಲ ಕೋಳಿಗಳೆಲ್ಲ ಎಡಗಡೆಗೆ ಬೋಳು. ಹೊರಗಿನಿಂದ ಚಾಕಮಾರ್ಕಕ್ಕೆ ಬಂದವರು ಕೋಳಿಗಳಿಗೆ ಏನೋ ಜಾಡ್ಯ ತಗುಲಿದೆ ಅಂದುಕೊಳ್ಳುತ್ತಿದ್ದರು. ಜಾಡ್ಯವಲ್ಲ. ಬಲಗೈಯಲ್ಲಿ ಗೆರೆ ಎಳೆಯುವವನಿಗೆ ಎಡ ರೆಕ್ಕೆಯ ಗರಿಯೇ ಆಗಬೇಕು. ಅದು ಹೊರಕ್ಕೆ ಬಾಗಿರುತ್ತದೆ, ಕಣ್ಣಿಗೆ ಅಡ್ಡ ಬರುವುದಿಲ್ಲ. ಬಲ ರೆಕ್ಕೆಯದು ಒಳಕ್ಕೆ ಬಾಗಿ ಮೂಗಿಗೆ ಕಚಗುಳಿ ಇಡುತ್ತದೆ. ಸಂತರ ಮುಖ ಬರೆಯುವಾಗ ಸೀನು ಬಂದರೆ ಆ ಸಂತ ಜನ್ಮಪೂರ್ತಿ ಮೀಸೆ ಹೊತ್ತು ನಿಲ್ಲಬೇಕಾಗುತ್ತದೆ. ಹಾಗೆ ನಿಂತವರು ಒಬ್ಬರಿದ್ದರು ಕೂಡ, ಅವನು ಕೆಲಸ ಕಲಿಯುವ ಕಾಲದ್ದು.

ಅವನು ಬರೆಯುತ್ತಿದ್ದದ್ದು ಮನೆಯ ಹಲಗೆಗಳನ್ನು. ಆ ಬೆಟ್ಟದ ಊರುಗಳಲ್ಲಿ ಯಾರಾದರೂ ಹೊಸ ಮನೆಗೆ ಸೂರು ಹಾಕುವ ದಿನ ಅವರ ಕಂಪಾದ್ರೆ, ಅಂದರೆ ಮಗುವಿನ ಶಾಸ್ತ್ರ ನಡೆಸಿಕೊಟ್ಟು ನೆಂಟನಾದವನು, ಒಂದು ಉದ್ದನೆಯ ಹಲಗೆ ತಂದು ಕೊಡಬೇಕು. ಅದರ ತುಂಬ ಮನೆಯವರ ಬಂಧುಬಳಗದ ಚಿತ್ರ ಇರಬೇಕು. ಬುಡದಲ್ಲಿ ಹಲಗೆ ಕೊಟ್ಟವನ ಹೆಸರು, ಅದರ ಮೇಲೆ ಕನ್ಯಾಮಾತೆ, ಅದರ ಮೇಲೆ ಮನೆಯ ಯಜಮಾನ ಯಜಮಾನಿ, ಆಮೇಲೆ ಅಣ್ಣತಮ್ಮ, ಅಕ್ಕತಂಗಿ, ಅತ್ತೆಮಾವ, ಸತ್ತವರು, ತುತ್ತತುದಿಯಲ್ಲಿ ಸೂರ್ಯ. ಈ ಹಲಗೆಯನ್ನು ಲಾಮಾ ಪ್ರಾಣಿಯ ಚರ್ಮದ ಬಾರಿನಿಂದ ತೊಲೆಗೆ ಕಟ್ಟಿದ ಮೇಲೇನೇ ಹುಲ್ಲು ಹೊದಿಸುವುದು. ಕಟ್ಟಿದ್ದನ್ನು ಇಳಿಸುವ ಹಾಗಿಲ್ಲ. ಬರೆದವರನ್ನು ಕೆರೆದು ಅಳಿಸುವ ಹಾಗೂ ಇಲ್ಲ. ಅಳಿಸಿದವರು ವರ್ಷ ದಾಟುವುದಿಲ್ಲ ಅನ್ನುತ್ತಾರೆ. ಹಲಗೆಯಲ್ಲಿ ಏನಿದೆಯೋ ಅದೇ ಸರಿ. ಆಸ್ತಿ ಜಗಳ ಬಂದಾಗ ಪಂಚರು ಬಂದು ಕತ್ತೆತ್ತಿ ಸೂರು ನೋಡಿ ಹೋದದ್ದುಂಟು.

ಹಾಗಾಗಿ ಅನ್ಸೆಲ್ಮೊ ಅವಸರ ಮಾಡುವವನಲ್ಲ. ಗರಿ ಆರಿಸುವುದಕ್ಕೇ ಅವನಿಗೆ ಒಂದು ಬೆಳಗು ಬೇಕು. ಹೆಂಟೆಯ ಗರಿ ಮೆತ್ತಗೆ, ಕೂದಲಿಗೂ ಕುರಿಯ ಉಣ್ಣೆಗೂ ಸರಿ. ಹುಂಜದ್ದು ಬಾಯಿಬಡುಕ, ಕೇಳದೆಯೇ ಮಸಿ ಕಕ್ಕುತ್ತದೆ. ಟರ್ಕಿ ಕೋಳಿಯದು ನಂಬಿಕಸ್ಥ. ಮೈಕೈಗೆ, ನೇಗಿಲಿಗೆ, ಹಾರ್ಪಿನ ತಂತಿಗೆ ಅದೇ. ಅಂಚಿನ ದಪ್ಪ ಗೆರೆಗೆ ಗರಿಯೇ ಬೇಡ, ತುದಿ ಸುಟ್ಟ ಕಡ್ಡಿ ಸಾಕು. ಕಣ್ಣಿನ ರೆಪ್ಪೆಗೆ ಮಾತ್ರ ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ಪುಟ್ಟ ಗಿಡುಗದ ಗರಿ. ಗಿಡುಗವನ್ನು ಹಿಡಿದು ಕೀಳುವ ಹಾಗಿಲ್ಲ, ಅದು ತಾನಾಗಿ ಉದುರಿಸಬೇಕು, ಅದೂ ಎಡದ್ದು. ಅನ್ಸೆಲ್ಮೊ ಬಂಡೆಯ ಕೆಳಗೆ ಕೂತು ಕಾಯುತ್ತಿದ್ದ. ಪಾತ್ರೆಯ ತಳದ ಮಸಿಯನ್ನು ಕಳ್ಳಿಯ ಅಂಟಿನಲ್ಲಿ ಕಲಸಿ, ಗರಿಯ ತುದಿ ಸೀಳಿ, ಮೊದಲು ತನ್ನ ಹೆಬ್ಬೆರಳಿನ ಉಗುರಿನ ಮೇಲೆ ಗೆರೆ ಎಳೆದು ನೋಡುತ್ತಿದ್ದ. ಹಬ್ಬಕ್ಕೆ ಪೂಜೆಗೆ ಹೋದಾಗಲೂ ಅವನ ಉಗುರು ಕಪ್ಪು.

ಬಣ್ಣ ಹಾಕುವುದು ಅವನ ಹೆಂಡತಿ ಸಿಪ್ರಿಯಾನಾ. ಕಳ್ಳಿಯ ಮೇಲಿನ ಹುಳ ಅರೆದು ಕೆಂಪು, ಸೊಪ್ಪು ಅರೆದು ಹಸಿರು, ಗುಡ್ಡದ ಮಣ್ಣಿನಿಂದ ಹಳದಿ. ಎಲ್ಲವನ್ನೂ ಗಡಿಗೆಗಳಲ್ಲಿ ತುಂಬಿ ಅಡಿಗೆಮನೆಯಲ್ಲಿ ಸಾಲಾಗಿ ಇಟ್ಟಿದ್ದಳು. ಅನ್ಸೆಲ್ಮೊಗೆ ಬಣ್ಣದ ಮೇಲೆ ಅಷ್ಟು ಗೌರವ ಇರಲಿಲ್ಲ. ಗೆರೆ ಅಂದರೆ ಎಲುಬು, ಬಣ್ಣ ಬರೀ ಬಟ್ಟೆ ಅನ್ನುತ್ತಿದ್ದ. ಹಾಗಾದರೆ ಎಲುಬು ಹೊತ್ತುಕೊಂಡು ಸಂತೆಗೆ ಹೋಗಿ ಬಾ, ಯಾರು ಮಾತಾಡಿಸುತ್ತಾರೋ ನೋಡೋಣ ಅನ್ನುತ್ತಿದ್ದಳು ಅವಳು. ಮದುವೆಯಾದಾಗಿನಿಂದ ಇದೊಂದೇ ಜಗಳ. ಬೇರೆ ಜಗಳ ಬೇಕು ಅಂತ ಇಬ್ಬರಿಗೂ ಅನ್ನಿಸಿರಲಿಲ್ಲ. ಆದರೂ ಅವಳ ಮದುವೆಯ ಲಂಗವೆಂದರೆ ಅವನಿಗೆ ಪ್ರಾಣ. ಅದರ ಅಂಚಿನ ಕಸೂತಿಯನ್ನೇ ನೋಡಿಕೊಂಡು ಎಲ್ಲ ಹಲಗೆಗಳ ಅಂಚನ್ನೂ ಬರೆಯುತ್ತಿದ್ದ.

ಒಂದು ವಿಚಿತ್ರ ಮಾತ್ರ ಇತ್ತು. ಹಿತ್ತಿಲಿನಿಂದ ಹಣ್ಣು ಮೆಣಸಿನಕಾಯಿ ಕಿತ್ತು ತಾ ಅಂದರೆ ಅನ್ಸೆಲ್ಮೊ ಒಂದೊಂದನ್ನೂ ಹಿಸುಕಿ, ಮೂಸಿ, ಬಹಳ ಯೋಚನೆ ಮಾಡಿ ಕಾಯಿಗಳನ್ನೇ ತರುತ್ತಿದ್ದ. ಸಿಪ್ರಿಯಾನಾ ಏನೂ ಅನ್ನದೆ ತಾನೇ ಹೋಗಿ ಕಿತ್ತು ತರುತ್ತಿದ್ದಳು.

ಚಾಕಮಾರ್ಕದಲ್ಲಿ ಎರಡು ಕೇರಿ. ಮೇಲ್ಕೇರಿಯವರ ಟೋಪಿಗೆ ಕೆಂಪು ಪಟ್ಟಿ, ಕೆಳಕೇರಿಯವರ ಟೋಪಿಗೆ ಹಸಿರು ಪಟ್ಟಿ. ಹುಟ್ಟಿದ ಕೇರಿ ಸಾಯುವ ತನಕ. ಕಾಲುವೆ ಹೂಳೆತ್ತುವುದಾಗಲಿ, ಹಬ್ಬದಲ್ಲಿ ಹಗ್ಗ ಎಳೆಯುವುದಾಗಲಿ, ಕೊನೆಗೆ ಹೆಣ ಹೊರುವುದಾಗಲಿ, ಎಲ್ಲ ಕೇರಿ ಪ್ರಕಾರ. ಆ ವರ್ಷ ಕಾಲುವೆ ನೀರಿನ ಸರದಿಗೆ ಎರಡು ಕೇರಿಗೂ ಜಗಳ ಹತ್ತಿಕೊಂಡಿತ್ತು. ಮೇಲಿನವರು ತೂಬು ಮುಚ್ಚುವುದು, ಕೆಳಗಿನವರು ಹೋಗಿ ತೆಗೆಯುವುದು. ಮಾತುಕತೆ ನಿಂತಿತ್ತು. ಬೈಗುಳ ಮಾತ್ರ ನಡೆದಿತ್ತು.

ಅನ್ಸೆಲ್ಮೊ ಕೆಳಕೇರಿಯವನು. ಅವನ ಕಂಪಾದ್ರೆ ಗ್ರಿಮಾಲ್ದೊ ಮೇಲ್ಕೇರಿಯವನು. ಗ್ರಿಮಾಲ್ದೊನ ಹಿರಿಮಗಳಿಗೆ ಮೊದಲ ಸಲ ಕೂದಲು ಕತ್ತರಿಸಿದ ಕೈ ಅನ್ಸೆಲ್ಮೊದು. ಅವತ್ತಿನಿಂದ ಇಬ್ಬರೂ ಕಂಪಾದ್ರೆಗಳು, ಒಡಹುಟ್ಟಿದವರಿಗಿಂತ ಹೆಚ್ಚು. ನೀರಿನ ಜಗಳದಲ್ಲೂ ಅವರಿಬ್ಬರು ದಾರಿಯಲ್ಲಿ ಸಿಕ್ಕರೆ ಟೋಪಿ ತೆಗೆಯುತ್ತಿದ್ದರು. ಅಂಥ ಗ್ರಿಮಾಲ್ದೊ ಹೊಸ ಮನೆ ಕಟ್ಟಿಸಿದ. ಹಲಗೆ ಅನ್ಸೆಲ್ಮೊನೇ ಕೊಡಬೇಕು. ಊರಿನ ಕಣ್ಣೆಲ್ಲ ಆ ಹಲಗೆಯ ಮೇಲೆ. ಹಲಗೆ ಒಪ್ಪಿಗೆಯಾಗಲಿಲ್ಲ ಅಂದರೆ ಸೂರು ಏರುವುದಿಲ್ಲ, ಕಂಪಾದ್ರೆ ಸಂಬಂಧ ಅಲ್ಲಿಗೆ ಮುಗಿಯಿತು, ಆಮೇಲೆ ಯಾವ ಕೇರಿಯವನೂ ಅನ್ಸೆಲ್ಮೊ ಕೈಗೆ ಹಲಗೆ ಕೊಡುವುದಿಲ್ಲ. ಅವನಿಗೆ ಬೇರೆ ಕೆಲಸವೂ ಬಾರದು. ಅವನು ಉತ್ತ ಸಾಲುಗಳು ನೋಡುವುದಕ್ಕೆ ಬಹಳ ಚೆನ್ನಾಗಿರುತ್ತಿದ್ದವು, ಅಷ್ಟೆ.

ಗೆರೆಯ ಕೆಲಸ ಮುಗಿಯುವ ಹೊತ್ತಿಗೆ ಹೊಳೆಯಾಚೆ ಊರಿನಿಂದ ಸಿಪ್ರಿಯಾನಾಗೆ ಹೇಳಿಕೆ ಬಂತು. ಅವಳ ಅಕ್ಕ ಆಲೂಗಡ್ಡೆ ಮೂಟೆ ಸಮೇತ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಸಿಪ್ರಿಯಾನಾ ಗಂಟು ಕಟ್ಟಿದಳು. ಹೊರಡುವಾಗ ಅವನಿಗೆ ಒಂದೇ ಮಾತು ಹೇಳಿದಳು: "ನಾನು ಬರೋವರೆಗೂ ಗಡಿಗೆ ಮುಟ್ಟಬೇಡ."

ಮುಟ್ಟುವ ಯೋಚನೆ ಅವನಿಗೂ ಇರಲಿಲ್ಲ. ಆದರೆ ಮೋಡ ಮುಂಚೆಯೇ ಬಂತು. ಕುಯ್ದಿಟ್ಟ ಹುಲ್ಲು ನೆನೆದರೆ ಕೆಟ್ಟೀತು ಅಂತ ಗ್ರಿಮಾಲ್ದೊ ಸೂರಿನ ದಿನವನ್ನು ಮುಂಚೆಯೇ ಇಟ್ಟುಕೊಂಡ. ಹೆಂಡತಿಗೆ ಹೇಳಿ ಕಳಿಸಿದ್ದಾಯಿತು, ಅವಳು ಬರಲಿಲ್ಲ. ಅನ್ಸೆಲ್ಮೊ ಹಲಗೆಯನ್ನು ನೋಡಿದ. ಎಲುಬೆಲ್ಲ ಇತ್ತು. ಬಟ್ಟೆ ತೊಡಿಸುವುದು ಏನು ಮಹಾ ಅಂದುಕೊಂಡು ಅಡಿಗೆಮನೆಗೆ ಹೋದ. ಒಲೆಯ ಪಕ್ಕದ ಗಡಿಗೆ ಕೆಂಪು, ಅದು ಅವನಿಗೆ ಗೊತ್ತಿದ್ದದ್ದೇ, ಯಾವತ್ತೂ ಅಲ್ಲೇ ಇರುತ್ತಿತ್ತು. ಬಾಗಿಲು ಹಾಕಿಕೊಂಡು ಕೂತ. ಸೂರಿನ ದಿನಕ್ಕೆ ಮುಂಚೆ ಹಲಗೆಯನ್ನು ಯಾರೂ ನೋಡಬಾರದು. ಒಂದೊಂದು ಟೋಪಿಗೂ ಪಟ್ಟಿ ತುಂಬಿದ, ಗೆರೆ ದಾಟದ ಹಾಗೆ. ಮುಗಿದ ಮೇಲೆ ದೂರ ನಿಂತು ನೋಡಿ, ಇಷ್ಟು ದಿನ ಇದಕ್ಕೋಸ್ಕರ ಅವಳು ಅಷ್ಟು ಬೀಗುತ್ತಿದ್ದಳಲ್ಲ ಅಂದುಕೊಂಡ.

ಸೂರಿನ ದಿನ ಹಲಗೆಯನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಹೊರಟ. ಮುಂದೆ ಪಿಟೀಲು, ಹಾರ್ಪು, ಹಿಂದೆ ಜೋಳದ ಹೆಂಡ ಚಿಚಾದ ಗಡಿಗೆ ಹೊತ್ತ ನೆಂಟರಿಷ್ಟರು. ಗ್ರಿಮಾಲ್ದೊನ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಬೇಯಿಸಿದ ಜೋಳ, ಗಿಣ್ಣು, ಹುರಿದ ಗಿನಿಇಲಿ, ಎಲ್ಲ ಕಂಬಳಿಗಳ ಮೇಲೆ ಹರಡಿತ್ತು. ಸೂರು ಹಾಕುವ ದಿನ ಯಾರು ಯಾರನ್ನು ಬೇಕಾದರೂ ಗೇಲಿ ಮಾಡಬಹುದು, ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ; ಅದೊಂದು ಪದ್ಧತಿ. ಅನ್ಸೆಲ್ಮೊ ಹಲಗೆಯನ್ನು ಗೋಡೆಗೆ ಒರಗಿಸಿ ಕಂಬಳಿ ತೆಗೆದ.

ಕೆಳಕೇರಿಯ ತಿಯೋದೋರೊ, ಬಾಯಿ ಸುಮ್ಮನಿರದವನು, ಗ್ರಿಮಾಲ್ದೊನ ಹೆಗಲ ಮೇಲೆ ಕೈ ಹಾಕಿದ.

"ಬಾರಪ್ಪ ನಮ್ಮವನೇ. ನಾಳಿದ್ದು ನಮ್ಮ ಕಾಲುವೆ ಹೂಳೆತ್ತೋದಿದೆ, ಗುದ್ದಲಿ ಮರೀಬೇಡ."

ಕೆಳಕೇರಿಯವರು ನಕ್ಕರು. ಅನ್ಸೆಲ್ಮೊನೂ ನಕ್ಕ. ಏನು ಹಾಸ್ಯವೋ ಅವನಿಗೆ ತಿಳಿಯಲಿಲ್ಲ, ಆದರೆ ಸೂರಿನ ದಿನ ನಗದಿದ್ದರೆ ತಪ್ಪು. ನಗುತ್ತಲೇ ನೋಡಿದರೆ ಮೇಲ್ಕೇರಿಯವರು ಒಬ್ಬರೂ ನಗುತ್ತಿರಲಿಲ್ಲ. ಗ್ರಿಮಾಲ್ದೊನ ತಾಯಿ ಅಸುಂತಾ ಮುದುಕಿ ಕೋಲೂರಿಕೊಂಡು ಹಲಗೆಯ ಹತ್ತಿರ ಬಂದಳು. ಮೇಲಿನ ಸಾಲಿನಲ್ಲಿ ಅವಳ ಸತ್ತ ಗಂಡ ಇದ್ದ.

"ನನ್ನ ಗಂಡ ಸತ್ತದ್ದು ಮೇಲ್ಕೇರಿಯವನಾಗಿ. ಈ ಮಾರಾಯ ಯಾವಾಗ ಎದ್ದು ಬಂದು ಕೆಳಗಿಳಿದ?" ಅಂದಳು.

ಇಡೀ ಮನೆತನವೇ ಹಸಿರು ಪಟ್ಟಿ ಕಟ್ಟಿಕೊಂಡು ಕೆಳಕೇರಿಗೆ ಇಳಿದಿತ್ತು. ಯಜಮಾನ, ಅಣ್ಣತಮ್ಮಂದಿರು, ಅಪ್ಪ, ಹೋದವರ್ಷ ಹುಟ್ಟಿದ ಕೂಸು ಕೂಡ. ಬರೆದವನು ಕೆಳಕೇರಿಯವನು, ವರ್ಷ ನೀರಿನ ಜಗಳದ್ದು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗ್ರಿಮಾಲ್ದೊ ಮೆತ್ತಗೆ ಮಾತಾಡುವ ಮನುಷ್ಯ. ಇವೆಲ್ಲ ಹಸಿರಾಗಿವೆಯಲ್ಲ ಅಂತ ಕೇಳಿದ. ಕೆಂಪೇ ಅಲ್ಲವೇ ಅಂದ ಅನ್ಸೆಲ್ಮೊ, ಇದೂ ಗೇಲಿಯೇ ಇರಬೇಕು ಅಂದುಕೊಂಡು. ಗ್ರಿಮಾಲ್ದೊ ತನ್ನ ಟೋಪಿ ತೆಗೆದು, ಅದರ ಪಟ್ಟಿಯನ್ನು ಹಲಗೆಯಲ್ಲಿದ್ದ ತನ್ನ ಟೋಪಿಯ ಪಕ್ಕಕ್ಕೇ ಹಿಡಿದ. ನೋಡಿ ಅಂದ. ಅನ್ಸೆಲ್ಮೊ ಬಗ್ಗಿ ಎರಡನ್ನೂ ಶ್ರದ್ಧೆಯಿಂದ ನೋಡಿದ. ಅವನು ಯಾವುದನ್ನೇ ಆಗಲಿ ಶ್ರದ್ಧೆಯಿಂದಲೇ ನೋಡುತ್ತಿದ್ದದ್ದು.

"ಒಂದೇ ಥರ ಇದೆಯಲ್ಲ ಕಂಪಾದ್ರೆ," ಅಂದ. "ನಿಮ್ಮದು ಸ್ವಲ್ಪ ಮಾಸಿದೆ."

ಹಾರ್ಪಿನವನು ಬಾರಿಸುವುದನ್ನು ನಿಲ್ಲಿಸಿದ. ಗ್ರಿಮಾಲ್ದೊ ಟೋಪಿಯನ್ನು ತಲೆಗೆ ಹಾಕಿಕೊಂಡ. ಹಾಕಿಕೊಂಡದ್ದು ಮತ್ತೆ ಇವನೆದುರಿಗೆ ತೆಗೆಯುವುದಿಲ್ಲ ಅನ್ನುವ ಹಾಗಿತ್ತು. ಮೇಲ್ಕೇರಿಯ ಗಂಡಸರು ಚಿಚಾ ಬಟ್ಟಲನ್ನು ಕೆಳಗಿಟ್ಟರು. ಬಟ್ಟಲು ತುಂಬಿದ್ದಾಗ ಕೆಳಗಿಟ್ಟರೆ ಅದು ಒಳ್ಳೆಯ ಲಕ್ಷಣವಲ್ಲ.

ಸಿಪ್ರಿಯಾನಾ ಬಂದದ್ದು ಆ ಹೊತ್ತಿಗೆ. ಹೊಳೆ ದಾಟಿ ಗುಡ್ಡ ಹತ್ತಿ ಬಂದಿದ್ದಳು, ಲಂಗ ಮೊಣಕಾಲಿನವರೆಗೆ ಧೂಳು, ಬೆನ್ನಿನ ಗಂಟು ಇನ್ನೂ ಇಳಿಸಿರಲಿಲ್ಲ. ಹಲಗೆಯನ್ನು ಒಮ್ಮೆ ನೋಡಿದಳು, ಗಂಡನನ್ನು ಒಮ್ಮೆ ನೋಡಿದಳು. ಗ್ರಿಮಾಲ್ದೊಗೆ, ಒಂದು ಗಳಿಗೆ ತಡೀರಿ ಕಂಪಾದ್ರೆ ಅಂತ ಹೇಳಿ ಅನ್ಸೆಲ್ಮೊನ ತೋಳು ಹಿಡಿದು ಗೋಡೆ ಮೆತ್ತಲು ಕಲಸಿಟ್ಟಿದ್ದ ಕೆಸರಿನ ಗುಡ್ಡೆಯ ಹಿಂದಕ್ಕೆ ಕರೆದುಕೊಂಡು ಹೋದಳು.

"ಮುಟ್ಟಬೇಡ ಅಂದಿದ್ದೆ."

"ಒಲೆ ಪಕ್ಕದ ಗಡಿಗೇನೇ ತಗೊಂಡದ್ದು."

"ಸೊಪ್ಪಿನ ಬಣ್ಣ ಬೂಷ್ಟು ಹಿಡೀತಿತ್ತು. ಒಣಗಲಿ ಅಂತ ಅದನ್ನ ಒಲೆ ಹತ್ತಿರ ಇಟ್ಟು ಹೋದೆ."

ಗಡಿಗೆ ಬದಲಾದದ್ದು ಅನ್ಸೆಲ್ಮೊಗೆ ಅರ್ಥವಾಯಿತು. ಬದಲಾದದ್ದು ತನಗೆ ಯಾಕೆ ಕಾಣಲಿಲ್ಲ ಅನ್ನುವುದು ನಿಧಾನವಾಗಿ, ಕುಣಿಕೆ ಕಳಚಿದ ಕತ್ತೆ ಮನೆಗೆ ಬರುವ ಹಾಗೆ, ತಾನೇ ದಾರಿ ಹುಡುಕಿಕೊಂಡು ಬಂತು. ಮೆಣಸಿನಕಾಯಿಗಳು ನೆನಪಾದವು.

"ನಿಂಗೆ ಯಾವಾಗಿಂದ ಗೊತ್ತು?" ಅಂತ ಕೇಳಿದ.

"ಮದುವೆಯಾದ ವರ್ಷದಿಂದ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬರೆಯೋದು ಬಿಡ್ತಿದ್ದೆ. ಆಮೇಲೆ ಹೊಲ ಉಳೋಕೆ ಹೋಗ್ತಿದ್ದೆ. ನಾವು ಹಸಿದು ಸಾಯಬೇಕಾಗಿತ್ತು."

ಗಡಿಗೆ ಅದಲು ಬದಲು ಮಾಡಿದ್ದು ತಾನೇ, ತಪ್ಪು ತನ್ನದೇ ಅಂತ ಹೇಳಿಬಿಡುತ್ತೇನೆ ಅಂದಳು. ಅವನು ತಲೆಯಾಡಿಸಿದ. ನಿನ್ನ ಗಂಡನಿಗೆ ಕಣ್ಣಿರಲಿಲ್ಲವೇ ಅಂತ ಕೇಳುತ್ತಾರೆ, ಅಂದ. ಕಣ್ಣಿತ್ತು ಅಂದರೆ ಬೇಕೆಂದೇ ಬರೆದ ಅಂತಾಗುತ್ತದೆ. ಇಲ್ಲ ಅಂದರೆ ಕಣ್ಣಿಲ್ಲದವನ ಕೈಗೆ ಯಾರು ಹಲಗೆ ಕೊಡುತ್ತಾರೆ? ಕಂಪಾದ್ರೆ ಸಂಬಂಧ, ಹಲಗೆಯ ಕೆಲಸ, ಎರಡರಲ್ಲಿ ಒಂದು ಹೋಗಲೇಬೇಕು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಂಗಳಕ್ಕೆ ಹೋದ.

"ಕಂಪಾದ್ರೆ, ನನಗೆ ಕೆಂಪು ಹಸಿರು ಒಂದೇ ಥರ ಕಾಣುತ್ತಂತೆ. ನಂಗೂ ಈಗ ತಾನೆ ಗೊತ್ತಾಯ್ತು."

ಇದನ್ನು ಯಾರೂ ನಂಬಲಿಲ್ಲ. ನಂಬದವರಿಗೆ ಪರೀಕ್ಷೆ ಮಾಡುವ ಹುಮ್ಮಸ್ಸು ಬಂತು. ಒಬ್ಬ ಕಂಬಳಿ ತಂದ, ಒಬ್ಬಳು ತನ್ನ ಶಾಲಿನ ದಾರ ತೋರಿಸಿದಳು, ಯಾರೋ ಬುಟ್ಟಿಯಿಂದ ಮೆಣಸಿನಕಾಯಿ ಆರಿಸಿ ತಂದು ಮುಂದೆ ಹಿಡಿದರು. ಅನ್ಸೆಲ್ಮೊ ಒಂದೊಂದಕ್ಕೂ ಯೋಚನೆ ಮಾಡಿ ಉತ್ತರ ಹೇಳಿದ. ಕೆಲವು ಸರಿಯಾದವು, ಅದೃಷ್ಟ. ಮೆಣಸಿನಕಾಯಿಯನ್ನು ಮೂಸಿ ನೋಡಲು ಹೋದಾಗ ಮೂಸುವ ಹಾಗಿಲ್ಲ ಅಂತ ಅಸುಂತಾ ಮುದುಕಿ ಕೋಲಿನಿಂದ ಅವನ ಕೈಗೆ ತಟ್ಟಿದಳು. ತಿಯೋದೋರೊ ತನ್ನದೇ ಹಸಿರು ಪಟ್ಟಿ ತೋರಿಸಿ ನಾನು ಯಾವ ಕೇರಿ ಅಂತ ಕೇಳಿದ. ನೀನು ಯಾವ ಕೇರಿ ಅಂತ ತಿಳಿಯಲು ನಿನ್ನ ಟೋಪಿ ನೋಡಬೇಕಾಗಿಲ್ಲ, ಬಾಯಿ ಸಾಕು ಅಂದ ಅನ್ಸೆಲ್ಮೊ. ಈಗ ನಕ್ಕವರು ಮೇಲ್ಕೇರಿಯವರು. ಕೆಳಗಿಟ್ಟ ಬಟ್ಟಲುಗಳಲ್ಲಿ ಕೆಲವು ಮತ್ತೆ ಮೇಲೆದ್ದವು.

ಗ್ರಿಮಾಲ್ದೊ ಮಾತ್ರ ನಗಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಂದ. ಆದರೆ ಹಲಗೆಗೆ ಕಿವಿ ಇಲ್ಲ. ನಾಳೆ ಮೊಮ್ಮಕ್ಕಳ ಕಾಲಕ್ಕೆ ಅದು ಹೇಳುವುದು ಹಸಿರು ಅಂತಲೇ. ಕೆರೆಯುವ ಹಾಗಿಲ್ಲ. ಮೇಲೆ ಕೆಂಪು ಬಳಿದರೆ ಸಗಣಿಯ ಬಣ್ಣ ಬರುತ್ತದೆ ಅಂತ ಸಿಪ್ರಿಯಾನಾ ಹೇಳಿದಳು. ಸಗಣಿ ಪಟ್ಟಿಯ ಕೇರಿ ಆ ಊರಲ್ಲಿ ಇರಲಿಲ್ಲ. ಇದನ್ನು ಕಟ್ಟಲಾರೆ, ಅಂದ ಗ್ರಿಮಾಲ್ದೊ. ಹಲಗೆಯಿಲ್ಲದೆ ಸೂರು ಹಾಕಲಾರೆ. ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು, ಹುಲ್ಲಿನ ಕಂತೆಗಳೆಲ್ಲ ಬಯಲಲ್ಲೇ ಇದ್ದವು.

ಅನ್ಸೆಲ್ಮೊ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನಿಗೆ ಹಸಿರು ಕಾಣುತ್ತಿರಲಿಲ್ಲ, ಟೋಪಿಯ ಸುತ್ತ ಒಂದು ಉದ್ದನೆಯ, ಖಾಲಿ ಜಾಗ ಕಾಣುತ್ತಿತ್ತು. ಹೆಂಡತಿಯನ್ನು ಕೇಳಿದ.

"ಎಲೆ ಯಾವ ಬಣ್ಣ?"

"ಹಸಿರು."

"ಕಾಲುವೆ ಹಬ್ಬದಲ್ಲಿ ಮೇಲ್ಕೇರಿಯವರು ಟೋಪಿಗೆ ಕಟ್ಟೋ ಗಂಟೆ ಹೂವು?"

"ಕೆಂಪು," ಅಂದಳು. ಆಮೇಲೆ ಅವಳಿಗೂ ಹೊಳೆಯಿತು. ಕೆಂಪಿನ ಗಡಿಗೆ ತರಲು ಮನೆಗೆ ಓಡಿದಳು.

ಅವನು ಗರಿಯ ಕಟ್ಟು ಬಿಚ್ಚಿದ. ಟರ್ಕಿಯದನ್ನು ಎತ್ತಿದ, ಇಟ್ಟ. ಹೆಂಟೆಯದನ್ನು ಉಗುರಿನ ಮೇಲೆ ಎಳೆದ, ತಲೆಯಾಡಿಸಿದ. ಮತ್ತೆ ಟರ್ಕಿಯದು. ಮಳೆ ಬರುತ್ತೆ ಅನ್ಸೆಲ್ಮೊ ಅಂತ ಮೇಸ್ತ್ರಿ ನೆನಪಿಸಿದ. ಬರಲಿ, ಅದು ನನ್ನ ಕೇಳಿ ಬರುವುದಿಲ್ಲ ಅಂದು ಅನ್ಸೆಲ್ಮೊ ಇನ್ನೊಂದು ಗರಿಯ ತುದಿ ಸೀಳಿದ. ಕೊನೆಗೆ ಆರಿಸಿದ್ದು ರೆಪ್ಪೆಗಾಗಿ ಇಟ್ಟಿದ್ದ ಗಿಡುಗದ ಗರಿಯನ್ನು. ಅಂಥದ್ದು ಇದ್ದದ್ದು ಅದೊಂದೇ.

ಹಸಿರು ಪಟ್ಟಿಯ ಮೇಲೆ ಮೊದಲು ಎಲೆಗಳ ನರ ಎಳೆದ. ಪಟ್ಟಿ ಹೋಗಿ ಎಲೆಗಳ ಮಾಲೆಯಾಯಿತು. ಅದರ ಮೇಲಂಚಿಗೆ, ಟೋಪಿಯ ಬಿಳಿಯಲ್ಲಿ, ತಲೆಕೆಳಗಾದ ಪುಟ್ಟ ಗಂಟೆಗಳಂಥ ಹೂವುಗಳು. ಅವನು ಒಂದು ಟೋಪಿ ಮುಗಿಸಿ ಮುಂದಿನದಕ್ಕೆ ಹೋದ ಕೂಡಲೇ ಸಿಪ್ರಿಯಾನಾ ಹಿಂದಿನದರ ಹೂವಿಗೆ ಕೆಂಪು ತುಂಬಿದಳು. ಜನ ಚಿಚಾ ಕುಡಿಯುತ್ತ ನಿಂತು ನೋಡಿದರು. ಮೇಲ್ಕೇರಿಯವರು ಕಾಲುವೆ ಹಬ್ಬದ ದಿನ ಹೀಗೇ ಇರುತ್ತಾರೆ. ಕೆಳಕೇರಿಯವರು ಕಟ್ಟುವುದು ಹಳದಿ ಹೂವು. ಗೊಂದಲಕ್ಕೆ ಎಡೆಯೇ ಇಲ್ಲ. ಸತ್ತ ಯಜಮಾನನ ಟೋಪಿಗೆ ಬಂದಾಗ ಅಸುಂತಾ ಮುದುಕಿ ತಡೆದಳು.

"ಇದ್ದಾಗ ಒಂದು ದಿನ ಹೂ ಮುಡೀಲಿಲ್ಲ ಆ ಮನುಷ್ಯ. ಕೆಲಸ ಕೆಲಸ ಅಂತಿದ್ದ."

"ಈಗ ಮುಡೀಲಿ ಬಿಡಿ ಅಜ್ಜಿ," ಅಂದ ಅನ್ಸೆಲ್ಮೊ ಗರಿ ಎತ್ತದೆ. "ಈಗ ಕೆಲಸ ಇಲ್ವಲ್ಲ."

ಮುದುಕಿ ಯೋಚಿಸಿ, ಹಾಗಾದರೆ ನಾಲ್ಕು ಹೆಚ್ಚಿಗೆ ಹಾಕು ಅಂದಳು.

ಗ್ರಿಮಾಲ್ದೊ ಬುಡದಿಂದ ತುದಿಯವರೆಗೆ ಹಲಗೆಯನ್ನು ನೋಡಿದ. ನೋಡಿ ಮುಗಿಸಿ, ಟೋಪಿ ತೆಗೆದ. ಕಂಪಾದ್ರೆ, ಮಾಸಿದೆ ಅಂದಿರಲ್ಲ, ಅದು ನಿಜ, ಹೊಸ ಪಟ್ಟಿ ನೇಯಿಸಬೇಕು ಅಂದ. ಆಮೇಲೆ ಹಲಗೆಯ ಒಂದು ತುದಿ ತಾನು ಹಿಡಿದು ಇನ್ನೊಂದು ತುದಿ ಅನ್ಸೆಲ್ಮೊಗೆ ಕೊಟ್ಟ. ಇಬ್ಬರೂ ಏಣಿ ಹತ್ತಿ ಬಾರು ಬಿಗಿದರು. ಹುಲ್ಲು ಏರಿತು. ಅರ್ಧ ಸೂರಿಗೆ ಮಳೆ ಬಂತು, ಪಿಟೀಲಿನವನು ಹೊದಿಸಿದ ಅರ್ಧದ ಕೆಳಗೆ ಹೋಗಿ ಬಾರಿಸಿದ. ನೀರಿನ ಸರದಿಯ ಜಗಳ ಮಾರನೆಯ ದಿನದಿಂದ ಎಂದಿನಂತೆ ನಡೆಯಿತು.

ಆಮೇಲೆ ಮೇಲ್ಕೇರಿಯಲ್ಲಿ ಯಾರು ಮನೆ ಕಟ್ಟಿದರೂ ತಮ್ಮ ಹಲಗೆಗೂ ಹೂ ಬೇಕು ಅಂದರು. ಬರೀ ಕೆಂಪು ಪಟ್ಟಿ ಬಡವರ ಹಲಗೆ ಅನ್ನಿಸಿಕೊಂಡಿತು. ಅನ್ಸೆಲ್ಮೊಗೆ ಬಂಡೆಯ ಕೆಳಗೆ ಕಾಯುವ ಕೆಲಸ ಹೆಚ್ಚಾಯಿತು. ಬಣ್ಣದ ಗಡಿಗೆಗಳನ್ನು ಅವನು ಮತ್ತೆ ಮುಟ್ಟಲಿಲ್ಲ.

ಸೂರು ಹಾಕಿದ ಆ ದಿನ ಸಂಜೆ ಮಳೆ ನಿಂತ ಮೇಲೆ ಗಂಡಹೆಂಡತಿ ಇಳಿಜಾರಿನಲ್ಲಿ ಮನೆಗೆ ಹೊರಟರು. ಅವನು ಗಿಡುಗದ ಗರಿಯನ್ನು ಟೋಪಿಗೆ ಸಿಕ್ಕಿಸಿಕೊಂಡಿದ್ದ. ಅದರ ತುದಿ ಸವೆದುಹೋಗಿತ್ತು. ದಾರಿಯುದ್ದಕ್ಕೂ ಒಂದೊಂದಾಗಿ ಕೇಳುತ್ತ ಬಂದ, ಸಂತೆಯ ಲೆಕ್ಕ ಕೇಳುವವನ ಹಾಗೆ. ಗುಡಿಯ ಬಾಗಿಲು ಯಾವ ಬಣ್ಣ? ಹಸಿರು. ಪಕ್ಕದ ಮನೆ ಪೆದ್ರೊನ ಕಂಬಳಿ? ಕೆಂಪು. ಆ ಹುಂಜದ ಬಾಲ? ಎರಡೂ ಇದೆ, ಸುಮ್ಮನೆ ನಡಿ. ಕೋಳಿಗಳು ಎಡಗಡೆಯ ಬೋಳು ಮೈಯಿಂದ ಮಳೆನೀರು ಕೊಡವುತ್ತಿದ್ದವು. ಮನೆ ಹತ್ತಿರ ಬಂದಾಗ ಅವನು ನಿಂತ.

"ನಿನ್ನ ಮದುವೆ ಲಂಗ?"

"ಕೆಂಪು."

ಅವನು ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ನೋಡಿದ. ಅಂಚಿನ ಕಸೂತಿ ಅಂಕುಡೊಂಕಾಗಿ, ಒಂದು ಗೆರೆಯೂ ತಪ್ಪದೆ ಬಂತು.

"ನಂಗೆ ಅದು ಚೆನ್ನಾಗೇ ಕಾಣ್ತಿತ್ತು," ಅಂದ.

"ಗೊತ್ತು," ಅಂದಳು ಸಿಪ್ರಿಯಾನಾ. "ಅದಕ್ಕೇ ಹೇಳಲಿಲ್ಲ."